ಹೆದರಿಸಿದವನ ಕೈಯ ನೀರು

ಅಮೆರಿಕದ ಹೇವರ್ಡ್ ಊರಿನ ಅಂಗಡಿಯೊಂದರಲ್ಲಿ, ಆಟೋಗ್ರಾಫಿಗೆ ಸಾಲು ನಿಂತವರೆಲ್ಲರ ಎದುರೇ ಅಮ್ಮ ಆತನ ಕೈಗೆ ನೀರಿನ ಸ್ಟೀಲ್ ಲೋಟ ಕೊಟ್ಟರು. ಆತ ಅಲ್ಲಿನ ಲೋಕಲ್ ಟಿವಿಯಲ್ಲಿ ಶನಿವಾರ ರಾತ್ರಿ ದೆವ್ವ, ರಾಕ್ಷಸರ ಸಿನಿಮಾ ತೋರಿಸುವ ನಿರೂಪಕ. ಮುಖಕ್ಕೆ ಬಿಳಿ ಪೌಡರು, ಬಾಯಲ್ಲಿ ಪ್ಲಾಸ್ಟಿಕ್ ಕೋರೆಹಲ್ಲು. ಆತನನ್ನು ಟಿವಿಯಲ್ಲಿ ಕಂಡಾಗಿನಿಂದ ನನ್ನ ಪುಟ್ಟ ತಂಗಿ ನಿದ್ದೆ, ಊಟ ಎರಡನ್ನೂ ಬಿಟ್ಟಿದ್ದಳು. ಈಗಲೂ ಅಮ್ಮನ ಸೀರೆಯಲ್ಲಿ ಮುಖ ಹುದುಗಿಸಿಕೊಂಡಿದ್ದಳು.

“ಹೆದರಿಸಿದೋರ ಕೈಯಿಂದ್ಲೇ ನೀರು ಕುಡಿಸಿದ್ರೆ ಭಯ ಬಿಡುತ್ತೆ ಅಂತ ಅವ್ರಿಗೆ ಹೇಳು. ನಿನ್ನ ಡಿಬೇಟು ಮನೇಲಿಟ್ಕೋ,” ಎಂದರು ಅಮ್ಮ ನನಗೆ.

ಇದಕ್ಕೆ ಆಧಾರವೇನು ಎಂದು ಹೊರಡುವ ಮೊದಲೇ ಜಗಳವಾಡಿದ್ದ ನಾನೇ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಹಿಂದೆ ಯಾರೋ ನಕ್ಕರು. ಆತನೂ ನಕ್ಕುಬಿಟ್ಟರೆ ತಂಗಿಯ ಗತಿ?

ಆತ ನಗಲಿಲ್ಲ. ಕೋರೆಹಲ್ಲು ತೆಗೆದು ಜೇಬಿಗಿಳಿಸಿ, ಮಂಡಿಯೂರಿ ಕುಳಿತು ಲೋಟವನ್ನು ಅವಳ ತುಟಿಯ ಹತ್ತಿರ ಹಿಡಿದ. ಅವಳು ಬಾಯಿ ಬಿಗಿದುಕೊಂಡೇ ಇದ್ದಳು.

“ಹಾಗಾದ್ರೆ ಮೊದಲು ನೀನೇ ನನಗೆ ಕುಡಿಸು. ಆ ಸಿನಿಮಾಗಳನ್ನ ನೋಡಿ ನೋಡಿ ನನಗೂ ಭಯಾನೇ,” ಎಂದ ಇಂಗ್ಲಿಷಿನಲ್ಲಿ.

ತಂಗಿ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಸಿದಳು. ಮಿಕ್ಕ ನೀರನ್ನು ಆತನ ಕೈಯಿಂದ ತಾನು ಕುಡಿದಳು. ಎಂಜಲು ಎಂದು ಕಿರುಚಬೇಕಿದ್ದ ಅಮ್ಮ ಖಾಲಿ ಲೋಟ ತೆಗೆದುಕೊಂಡು ಚೀಲಕ್ಕಿಳಿಸಿದರು.

ಆತನ ಕಾರ್ಯಕ್ರಮ ಈಗ ನಿಂತುಹೋಗಿದೆ. ನೀರಿಗೆ ಅಂಥ ಶಕ್ತಿ ಇಲ್ಲವೆಂದು ನಾನು ಇವತ್ತಿಗೂ ವಾದಿಸುತ್ತೇನೆ. ಆದರೆ ಅಂದು ತಂಗಿ ಕಾರಿನಲ್ಲೇ ನಿದ್ದೆ ಹೋದಳು. ಎಲ್ಲಿ ಅವಳಿಗೆ ಎಚ್ಚರವಾಗಿಬಿಡುತ್ತದೋ ಎಂದು ಮನೆ ಸೇರುವವರೆಗೂ ನಾನು ಬಾಯಿ ತೆರೆಯಲಿಲ್ಲ.