ಕಲ್ಲುಬೆಂಚಿಗೆ ನಾನು ತೋರಿಸಿದ ಜಾಗ

1961ನೇ ಇಸವಿ, ಜುಲೈ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಎಂಟೂಕಾಲು. ಕೋಲಾರ ಚಿನ್ನದ ಗಣಿಗಳ ಚಾಂಪಿಯನ್ ರೀಫ್ಸ್‌ನಿಂದ ಬೇತಮಂಗಲದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ, ವೆಂಕಟಪ್ಪ ಮತ್ತು ಮುನಿಯಮ್ಮ ದಂಪತಿಗಳ ಅಂಗಳದ ಬೇಲಿಯ ಒಳಬದಿಯಲ್ಲಿ, ಮನೆಗೆ ಮುಖ ಮಾಡಿ ನಾನು ನಿಂತಿದ್ದೆ. ನನಗೂ ಮನೆಗೂ ನಡುವೆ ಒಂದು ಕಲ್ಲುಬೆಂಚು. ನನಗೂ ಬೆಂಚಿಗೂ ನಡುವೆ ಹತ್ತು ಅಡಿ. ಇದು ಆಮೇಲೆ ಟೇಪು ಹಿಡಿದು ಅಳೆದದ್ದು, ಅಂದಾಜಲ್ಲ.

ಆಗ ನಾನು ಗಣಿಯ ಸರ್ವೆ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಸರ್ವೇಯರುಗಳು ನೆಲದಡಿಯಿಂದ ಅಳೆದು ತಂದ ಅಂಕಿಗಳನ್ನು ನಕ್ಷೆಗೆ ಇಳಿಸುವುದು ನನ್ನ ಕೆಲಸ. ಸುತ್ತಲಿನ ಜನಕ್ಕೆ ಮಾತ್ರ, ಪ್ಲಾನ್ ಬರೆಯುವವನು ಎಂದರೆ ಮನೆಯ ವಿಷಯವೆಲ್ಲ ಬಲ್ಲವನು. ಕಿಟಕಿ ಯಾವ ಕಡೆ ಇಡಬೇಕು, ತುಳಸಿಕಟ್ಟೆ ಎಷ್ಟು ಎತ್ತರ, ಗೋಡೆಗೆ ಯಾವ ಬಣ್ಣ ಎಂದು ಭಾನುವಾರಗಳಂದು ನನ್ನ ಕ್ವಾರ್ಟರ್ಸಿಗೆ ಬಂದು ಕೇಳುತ್ತಿದ್ದರು. ನಾನೂ ಹೆಮ್ಮೆಯಿಂದ ಹೇಳುತ್ತಿದ್ದೆ.

ಮುನಿಯಮ್ಮ ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ. ಆಕೆಯ ಗಂಡ ವೆಂಕಟಪ್ಪನಿಗೆ ನೆಲದಡಿಯಲ್ಲಿ ಬಂಡೆ ಕೊರೆಯುವ ಕೆಲಸ.

"ನಮ್ಮೋರು ವಾರದಾಗೆ ಆರು ದಿನ ಕತ್ಲಾಗೆ ಇರ್ತಾರೆ ಸಾರ್. ಮ್ಯಾಲಕ್ಕೆ ಬಂದ್ರೆ ಕಣ್ಣಿಗೆ ಬರೀ ಬೂದಿ ಬಣ್ಣದ ದೂಳು. ಒಂದು ಅಸುರು ಬಳ್ಳಿ, ಅದ್ರ ಕೆಳಗೆ ಕುಂತ್ಕಳಾಕೆ ಒಂದು ಕಲ್ಲು. ಎಲ್ಲಿ ಆಕ್ಸೋದು? ಗೋಡೆಗೆ ಏನು ಬಳಿಯೋದು?"

ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡಗಳಿಂದ ಏಳುವ ದೂಳು ಅದು. ಗೋಡೆಗೆ ಬರೀ ಸುಣ್ಣ ಬಳಿದರೆ ತಿಂಗಳಲ್ಲಿ ಮಾಸುತ್ತದೆ. ಕೆಳಗೆ ಮೂರು ಅಡಿ ಕೆಮ್ಮಣ್ಣಿನ ಪಟ್ಟಿ, ಮೇಲೆ ನೀಲಿ ಬೆರೆಸಿದ ಸುಣ್ಣ ಬಳಿಸಿ ಎಂದೆ. ಪಟ್ಟಿಯ ಅಂಚು ಸೊಟ್ಟಗಾಗದ ಹಾಗೆ ದಾರ ಹಿಡಿಯಲು, ಗಾಜಿನ ನಳಿಗೆಯ ಗುಳ್ಳೆ ನಡುವೆ ನಿಂತರೆ ಸಮ ಎಂದು ತೋರಿಸುವ ನನ್ನ ಸ್ಪಿರಿಟ್ ಲೆವೆಲನ್ನೂ ಕೊಟ್ಟು ಕಳಿಸಿದೆ. ಇದರಲ್ಲಿ ತಪ್ಪಿರಲಿಲ್ಲ.

ತಪ್ಪು ಬೆಂಚಿನ ವಿಷಯದಲ್ಲಿ ಆಯಿತು. ಆಕೆ ಬೆರಳಿನಿಂದ ನನ್ನ ಮೆಟ್ಟಿಲ ಮೇಲೆ ಅಂಗಳ ಬರೆದು ತೋರಿಸಿದಳು. ನಾನು ಅದನ್ನೇ ಒಂದು ಕಾಗದಕ್ಕೆ ಇಳಿಸಿ, ನಡು ಅಂಗಳದಲ್ಲಿ ಬೆಂಚು, ಪಕ್ಕದಲ್ಲಿ ಮಲ್ಲಿಗೆ ಚಪ್ಪರ ಎಂದು ಗುರುತು ಹಾಕಿದೆ. ನೀರಿಗೆ ತೊಂದರೆ ಇದ್ದುದರಿಂದ ಬಚ್ಚಲ ನೀರನ್ನು ಕಾಲುವೆ ತೋಡಿ ಮಲ್ಲಿಗೆ ಬುಡಕ್ಕೆ ಬಿಡಿ ಎಂದೂ ಹೇಳಿದೆ. ಹೋಗಿ ಜಾಗ ನೋಡಲಿಲ್ಲ. ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷದ ದಾರಿ.

ಎರಡು ತಿಂಗಳ ಮೇಲೆ, ಎಲ್ಲ ಆಗಿದೆ, ಬಂದು ನೋಡಿ ಎಂದು ಕರೆದರು. ನಾನು ಮೊದಲು ಹೇಳಿದ ಭಾನುವಾರ ಅದೇ. ಗೋಡೆ ಚೆನ್ನಾಗಿ ಕಾಣುತ್ತಿತ್ತು. ಬಂಗಾರಪೇಟೆ ಸಂತೆಯಿಂದ ತಂದ ಮಲ್ಲಿಗೆ ಮೊಣಕಾಲೆತ್ತರ ಬಂದಿತ್ತು. ವೆಂಕಟಪ್ಪ ಕಾಫಿ ಲೋಟ ಹಿಡಿದು ಬೆಂಚಿನ ಮೇಲೆ ಕೂತಿದ್ದ. ಅವನ ಜೊತೆ ಅದೇ ಶಿಫ್ಟಿನಲ್ಲಿ ದುಡಿಯುವ ನೆರೆಮನೆಯ ಸೆಲ್ವರಾಜ್ ಜಗಲಿಯ ಮೇಲಿದ್ದ.

"ಗಿಡಕ್ಕೆ ಬಲೇ ದಾಹ ಸಾರ್," ಎಂದಳು ಮುನಿಯಮ್ಮ. "ಬಚ್ಚಲ ನೀರೆಲ್ಲ ಬಿಟ್ರೂ ಒಂದು ತೊಟ್ಟು ನಿಲ್ಲಾಕಿಲ್ಲ."

"ಅಣ್ಣ ಜೊತೆ ಸೇರಿ ಅದೂ ಕುಡಿಯೋದು ಕಲ್ತ್‌ಕೊಂಡೈತೆ ಅಕ್ಕಾ," ಎಂದು ಸೆಲ್ವರಾಜ್ ನಕ್ಕ.

"ನೀರು ಇಂಗುವ ಮಣ್ಣು, ಒಳ್ಳೆಯದು," ಎಂದೆ ನಾನು. ಆ ಮಾತು ಹೇಳಿದ್ದನ್ನು ಮರೆಮಾಚುವುದಿಲ್ಲ.

ಹಾಗೆ ಹೇಳುತ್ತಲೇ ನನ್ನ ಕಣ್ಣು ಬೆಂಚಿನ ಮೇಲಂಚಿಗೆ ಹೋಯಿತು. ಅದರ ಹಿಂದೆ, ಗೋಡೆಯಲ್ಲಿ, ಕೆಮ್ಮಣ್ಣಿನ ಪಟ್ಟಿಯ ಅಂಚು ನೇರವಾಗಿತ್ತು. ಬೆಂಚಿನ ಅಂಚು ಅದಕ್ಕೆ ಸಮವಾಗಿರಲಿಲ್ಲ. ಮಲ್ಲಿಗೆಯ ಕಡೆಗೆ ಒಂದು ಅಂಗುಲದಷ್ಟು ಇಳಿದಿತ್ತು.

"ಬೆಂಚು ಕೂರಿಸುವಾಗ ಲೆವೆಲ್ ನೋಡಿದ್ರಾ?"

"ನಿಮ್ ಲೆವೆಲ್ಲಲ್ಲೇ ನೋಡಿದ್ವಿ ಸಾರ್. ಗುಳ್ಳೆ ಮಧ್ಯದಾಗೆ ನಿಂತಿತ್ತು."

"ವೆಂಕಟಪ್ಪ, ಎದ್ದು ಈ ಕಡೆ ಬನ್ನಿ."

"ವಾರಕ್ಕೊಂದಿನ ಕುಂತೀನಿ, ಅದ್ಕೂ ಕಲ್ಲು ಆಕ್ತೀರಲ್ಲ ಸಾರ್," ಎಂದು ಅವನು ಕದಲಲಿಲ್ಲ.

ನನ್ನ ಸಲಹೆ ತಪ್ಪಿರಬಹುದು ಎಂದು ಮೂವರ ಎದುರಿಗೆ ಹೇಳಬೇಕಿತ್ತು. ಒಂದು ಕ್ಷಣ ತಡೆದೆ. ಆಮೇಲೆ ಹೇಳಿದೆ: "ಜಾಗ ನೋಡದೆ ಹೇಳಿದ್ದೆ. ಎದ್ದು, ಹಾರೆ ತಂದು ನೆಲ ತಟ್ಟಿ ನೋಡಿ."

ಇಲ್ಲಿ ಒಂದು ವಿವರಣೆ ಬೇಕು. ಗಣಿಯೊಳಗೆ ಕೆಲಸ ಶುರು ಮಾಡುವ ಮುನ್ನ ಪ್ರತಿಯೊಬ್ಬನೂ ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟುತ್ತಾನೆ. ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ. ಸಡಿಲವಾದದ್ದು ಖಾಲಿ ಮಡಕೆಯಂತೆ. ವೆಂಕಟಪ್ಪ ಹನ್ನೆರಡು ವರ್ಷ ಹಾಗೆ ತಟ್ಟಿದವನು. ಆದರೆ ತಲೆಯ ಮೇಲಿನದನ್ನು ತಟ್ಟುವವರಿಗೆ ಮನೆಯಂಗಳದಲ್ಲಿ ಕಾಲ ಕೆಳಗಿನದು ಹೊಳೆದಿರಲಿಲ್ಲ.

ಹಾರೆ ಎಂದಾಕ್ಷಣ ಅವನ ನಗು ನಿಂತಿತು. ಲೋಟವನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದ. ಹಾರೆ ತಂದು ಹೊಸ್ತಿಲ ಬಳಿ ತಟ್ಟಿದ, ನೆಲ ನುಡಿಯಿತು. ಎರಡು ಹೆಜ್ಜೆ ಮುಂದೆ ಬಂದು ತಟ್ಟಿದ, ನುಡಿಯಿತು. ಬೆಂಚಿಗೆ ನಾಲ್ಕು ಅಡಿ ಇರುವಾಗ ತಟ್ಟಿದ. ಮಡಕೆ.

"ಸೆಲ್ವಾ," ಎಂದ, ಮೆಲ್ಲಗೆ. "ಯಾರ್ನೂ ಬಿಡಬ್ಯಾಡ ಕಣ್ಲಾ." ಬಂದ ಹೆಜ್ಜೆಗಳ ಮೇಲೆಯೇ ಹಿಂದಕ್ಕೆ ಸರಿದ.

ಮುನಿಯಮ್ಮ "ನನ್ ಮಲ್ಲಿಗೆ" ಎಂದು ಜಗಲಿ ಇಳಿದಳು. ಸೆಲ್ವರಾಜ್ ತೋಳು ಹಿಡಿದ. "ಗಿಡ ಇನ್ನೊಂದು ತರಬೌದು ಅಕ್ಕಾ, ನಿಲ್ಲಿ."

ಎರಡು ನಿಮಿಷ ಕಳೆದಿರಬೇಕು. ಹೆಚ್ಚು ಸದ್ದಿಲ್ಲದೆ ಬೆಂಚು ಕೆಳಗೆ ಹೋಯಿತು, ಜೊತೆಗೆ ಮಲ್ಲಿಗೆ ಮತ್ತು ಕಾಫಿ ಲೋಟ. ಅದು ತಳ ಮುಟ್ಟಿದ ಸದ್ದು ಆಮೇಲೆ ಬಂತು. ಆ ಎರಡರ ನಡುವಿನ ಹೊತ್ತು ಎಷ್ಟೆಂದು ನಾನು ಹೇಳಲಾರೆ. ಅಳೆಯಲು ನನಗೆ ಆಗಲಿಲ್ಲ.

ಮರುದಿನ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದೆವು. ನಲವತ್ತೆರಡು ಅಡಿ. ಗಣಿಗಳು ಬರುವುದಕ್ಕೆ ಎಷ್ಟೋ ಕಾಲ ಮೊದಲು ಯಾರೋ ಚಿನ್ನಕ್ಕಾಗಿ ತೋಡಿ ಬಿಟ್ಟ ಗುಂಡಿ. ಅದರ ಬಾಯಿ ಮುಚ್ಚಿಕೊಂಡಿದ್ದ ಮಣ್ಣನ್ನು ಎರಡು ತಿಂಗಳು ಬಚ್ಚಲ ನೀರು ಕರಗಿಸಿತ್ತು. ಆಫೀಸಿನ ಯಾವ ನಕ್ಷೆಯಲ್ಲೂ ಅದು ಇರಲಿಲ್ಲ, ನಿಜ. ಆದರೆ ನಕ್ಷೆ ತೆಗೆದು ನೋಡಿದ್ದು ನಾನು ಆ ಭಾನುವಾರದ ಮೇಲೆ, ಮೊದಲಲ್ಲ.

ಊರವರು ಸೇರಿ ಹದಿನೆಂಟು ದಿನ ಕಲ್ಲು ಮಣ್ಣು ತುಂಬಿ, ಸುತ್ತ ಮುಳ್ಳುಬೇಲಿ ಹಾಕಿದರು. ಅದರ ನಂತರದ ಭಾನುವಾರ ಮುನಿಯಮ್ಮ ಮತ್ತೆ ನನ್ನ ಬಾಗಿಲಿಗೆ ಬಂದಳು.

"ಸಾರ್, ಈಗ ಎಲ್ಲಿ ಆಕ್ಸೋಣ?"

ಬೇರೆ ಯಾರನ್ನಾದರೂ ಕೇಳಿ ಎಂದೆ.

"ಬೇರೇರು ಅಂದ್ರೆ ಅವ್ರೂ ಮೊದ್ಲು ಒಂದ್ಸಲ ತಪ್ಪು ಮಾಡ್ಬೇಕಲ್ಲ ಸಾರ್. ನಿಮ್ದು ಆಗೋಯ್ತಲ್ಲ. ನಡೀರಿ."

ಹೋದೆ. ವೆಂಕಟಪ್ಪ ಎರಡೆರಡು ಅಡಿಗೆ ಹಾರೆಯಿಂದ ತಟ್ಟುತ್ತಾ ನಡೆದ. ನುಡಿದ ಕಡೆಯೆಲ್ಲ ಮುನಿಯಮ್ಮ ರಂಗೋಲಿ ಪುಡಿಯಿಂದ ಒಂದೊಂದು ಚುಕ್ಕಿ ಇಟ್ಟಳು. ನಾನು ಹಿಂದಿನಿಂದ ಬರೆದುಕೊಂಡೆ. ಅಂಗಳ ತುಂಬ ಚುಕ್ಕಿಗಳಾದ ಮೇಲೆ, ಪಡುವಣ ಮೂಲೆಯಲ್ಲಿ, ಅವು ಒತ್ತಾಗಿದ್ದ ಕಡೆ ಹೊಸ ಮಲ್ಲಿಗೆ ನೆಟ್ಟೆವು. 1963ರ ಬೇಸಿಗೆಯಲ್ಲಿ ಅದರ ಚಪ್ಪರದ ಕೆಳಗೆ ಕೂತು ವೆಂಕಟಪ್ಪ ಕಾಫಿ ಕುಡಿದದ್ದನ್ನು ನಾನು ನೋಡಿದ್ದೇನೆ.

ಆಮೇಲೆ ಇಪ್ಪತ್ತಮೂರು ವರ್ಷ ಸರ್ವಿಸಿನಲ್ಲಿದ್ದೆ. ಸಲಹೆ ಕೇಳಿದ ಯಾರಿಗೂ ಮೆಟ್ಟಿಲ ಮೇಲೆ ನಿಂತು ಉತ್ತರ ಕೊಡಲಿಲ್ಲ. ಮೊದಲು ಸೈಕಲ್ ತೆಗೆಯುತ್ತಿದ್ದೆ. ಆ ಗುಂಡಿ ನನಗೆ ಕಲಿಸಿದ್ದು ಇಷ್ಟೇ.

ವೆಂಕಟಪ್ಪ ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಕಾಲ ತುಂಬಿ ತೀರಿಕೊಂಡ. ಅಂದು ಅದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನಿಬ್ಬರು ಇದ್ದಾರೆ. ಸೆಲ್ವರಾಜ್ ಮಾರಿಕುಪ್ಪಂನಲ್ಲಿದ್ದಾನೆ, ಕಿವಿ ಮಂದ. ಮುನಿಯಮ್ಮ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ; ಅಲ್ಲಿ ಗಿಡ ತಂದರೆ ಈಗಲೂ ನೀರಿಗಿಂತ ಮೊದಲು ಹಾರೆ ಕೇಳುತ್ತಾಳಂತೆ.