ಹಂಚು ಕುಡಿದ ಬಣ್ಣ

ಆ ಬಾವಿಯ ಮಾತು ಬಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಾವಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ, ಹಿತ್ತಲ ಗೋಡೆಯ ಆಚೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿಯ ಕೆಂಪು ನೀರು ಒಂದು ಗುಂಡಿಗೆ ಬಿದ್ದು, ನೆಲದೊಳಗೆ ಇಳಿದು ನಮ್ಮ ಬಾವಿ ಸೇರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಬಾವಿಯ ನೀರನ್ನೇ ಸೇದಿದ್ದ ಅವ್ವ ಈಗ ಎರಡು ಓಣಿ ದಾಟಿ, ನಳದ ಮುಂದೆ ಪಾಳಿ ಹಚ್ಚಬೇಕಾಯಿತು. ಅವಳ ಮೊಣಕಾಲುಗಳು ಆಗಲೇ ಸೋತಿದ್ದವು.

ಜಗಳಕ್ಕೆಂದೇ ಮಾಲಕರ ಹತ್ತಿರ ಹೋದೆ. ಅವರು ಎಲೆ ಅಡಿಕೆ ಜಗಿಯುತ್ತ, "ನೀ ಕಾಲೇಜಿನ್ಯಾಗ ರಸಾಯನಶಾಸ್ತ್ರ ಕಲಸಾಕಿ. ಸುಮ್ನ ಬಾಯಿ ಮಾಡಬ್ಯಾಡ, ಬಣ್ಣ ತಗಿಯೂ ಹಿಕಮತ್ತು ಇದ್ರ ತೋರಸು" ಅಂದರು. ಹಲ್ಲು ಕಚ್ಚಿಕೊಂಡು ಬಂದೆ.

ಮರುವಾರವೇ ಖಾನಾಪುರದ ಬಸ್ಸು ಹತ್ತಿದೆ. ಅಲ್ಲಿಯ ಹಂಚಿನ ಭಟ್ಟಿಯವನು, "ಒಡದ ಹಂಚ ಒಯ್ಯಾಕ ಇಷ್ಟ ದೂರ ಬಂದೀರೇನ್ರಿ ಬಾಯಾರ?" ಎಂದು ನಕ್ಕ. ನಕ್ಕರೂ ನನ್ನ ಕೆಲಸ ಮಾಡಿಕೊಟ್ಟ. ಇದ್ದಿಲ ಪುಡಿಯನ್ನು ಜೇಡಿಮಣ್ಣಿನ ರಾಡಿಯಲ್ಲಿ ಕಲಸಿ ಹಂಚಿನ ಚೂರುಗಳಿಗೆ ಬಳಿದೆವು. ಬಾಯಿ ಮುಚ್ಚಿದ ಮಡಿಕೆಗಳಲ್ಲಿಟ್ಟು ಸುಟ್ಟೆವು. ಆ ಕರಿಯ ಲೇಪ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ನೀರನ್ನು ಬಿಟ್ಟುಕೊಡುತ್ತದೆ. ಕಾರ್ಖಾನೆಯ ನೀರು ಗುಂಡಿಗೆ ಬೀಳುವ ಮೊದಲು ಹಾದುಹೋಗುವ ತೊಟ್ಟಿಗೆ ಬುಟ್ಟಿಗಟ್ಟಲೆ ಚೂರುಗಳನ್ನು ತುಂಬಿದೆ. ಒಂದು ಕಡೆ ಕೆಂಪು ನೀರು ಹೊಕ್ಕು, ಇನ್ನೊಂದು ಕಡೆ ತಿಳಿಯಾಗಿ ಹೊರಬಂತು.

"ಬಣ್ಣ ಹೋತು ನೋಡ್ರಿ!" ಎಂದು ಅಲ್ಲಿಯ ಕೆಲಸದ ಹೆಂಗಸರ ಮುಂದೆ ಕುಣಿದಾಡಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯೂ ತಿಳಿಯಾಯಿತು. ಅವ್ವ ಆ ನೀರಿನಲ್ಲಿ ಬೇಳೆ ಬೇಯಿಸಿದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಆಮೇಲೆ ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ನಮ್ಮ ಓಣಿಯಲ್ಲಿ ಆ ಪೂಜೆಗೆ ಮೊದಲು ಲಾಳಿ, ಹಂಡೆ, ತಕ್ಕಡಿ, ಏಣಿ, ದುಡಿಮೆಯ ಸಾಮಾನು ಒಂದನ್ನೂ ಬಿಡದೆ ಕುದಿಯುವ ಸೋಡಾ ನೀರಿನಲ್ಲಿ ತಿಕ್ಕಿ ತೊಳೆಯುತ್ತಾರೆ. ಸಂಜೆ ಕಾಲೇಜಿನಿಂದ ಬಂದರೆ, ಕಾರ್ಖಾನೆಯ ಆ ಹೆಂಗಸರು ನಮ್ಮ ಬಾವಿಕಟ್ಟೆಯ ಮೇಲೆ ಕುಳಿತು ನನ್ನ ಹಂಚಿನ ಚೂರುಗಳನ್ನು ತೊಳೆಯುತ್ತಿದ್ದರು! ತಿಂಗಳುಗಟ್ಟಲೆ ಹಿಡಿದಿಟ್ಟ ಬಣ್ಣವನ್ನು ಲೇಪ ಆ ಸೋಡಾಕ್ಕೆ ಬಿಟ್ಟುಕೊಡುತ್ತಿತ್ತು. ಕಟ್ಟೆಯ ಬಿರುಕಿನಿಂದ ಅದೆಲ್ಲ ನೇರ ಬಾವಿಗೆ ಇಳಿಯುತ್ತಿತ್ತು.

"ನಿಮಗ ಬುದ್ಧಿ ಐತೇನ? ಯಾರು ಹೇಳಿದ್ರು ತೊಳೀರಿ ಅಂತ?" ಓಣಿಗೆ ಓಣಿಯೇ ಕೇಳುವಂತೆ ಕೂಗಾಡಿದೆ.

ಒಬ್ಬಾಕೆ ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟು, "ಹೊಲಸ ಇಟ್ಟು ಪೂಜಾ ಹೆಂಗ ಮಾಡೂದ್ರಿ ಅಕ್ಕಾರ? ಇದೂ ದುಡಿಯೂ ಸಾಮಾನ ಅಲ್ಲೇನ್ರಿ?" ಅಂದಳು. ಗೋಡೆಯ ಆಚೆಯಿಂದ ಮಾಲಕರು ನಕ್ಕದ್ದು ಕೇಳಿಸಿತು. ಅವರಿಗೂ ಬಾಯಿಗೆ ಬಂದಂತೆ ಬೈದೆ.

ಅವ್ವ ಕೊಡವನ್ನು ಬಾವಿಗೆ ಇಳಿಸಿ ಮೇಲೆಳೆದಳು. ಕೆಂಪು ನೀರು. ಅದನ್ನು ನನ್ನ ಕಾಲ ಬಳಿ ಸುರುವಿದಳು.

"ಅವರನ್ಯಾಕ ಬೈತಿ? ಬಣ್ಣ ಹೋತು ಅಂದಾಕಿ ನೀನು. ಹಂಚಿನ್ಯಾಗ ಹೋಗಿ ಕುಂತೈತಿ ಅಂತ ಯಾರಿಗರ ಹೇಳಿದ್ದಿಯೇನು?"

ಹೇಳಿದ್ದೆ. ತರಗತಿಯಲ್ಲಿ, ಕರಿಹಲಗೆಯ ಮೇಲೆ ಚಿತ್ರ ಬರೆದು, ಇಂಗ್ಲಿಷಿನಲ್ಲಿ. ಅವ್ವ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಕುಂಟುತ್ತ ನಳದ ಕಡೆ ನಡೆದಳು.