ಕುದುರೆ ಮೇಲಿರುವವರನ್ನು ಕೇಳಿದಿರಾ?

ಕಳೆದ ಭಾನುವಾರ ಬೆಳಿಗ್ಗೆ ಕಟ್ಟಿನ ಸಾರಿಗೆಂದು ಹುರುಳಿ ಬೇಯಲು ಇಟ್ಟಿದ್ದೆ. ಹಿರಿಯೂರಿನ ನಮ್ಮ ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಹುರುಳಿ ಬೆಂದರೆ ಇಡೀ ಮನೆಗೆ ಗೊತ್ತಾಗುತ್ತದೆ. ಉಳಿದವರಿಗೆ ಅದು ಸಾರಿನ ವಾಸನೆ, ನನಗೆ ಮಾತ್ರ ಲಾಯದ ವಾಸನೆ. ಅದೇ ಹೊತ್ತಿಗೆ ಫೋನು ಸದ್ದು ಮಾಡಿತು. ಕುದುರೆ ಮಾರುವವರ, ಕೊಳ್ಳುವವರ ವಾಟ್ಸಾಪ್ ಗುಂಪೊಂದರಲ್ಲಿ ನಾನಿದ್ದೇನೆ. ಕೊಳ್ಳುವ ಯೋಗ್ಯತೆ ಇಲ್ಲ, ಮಾರಲು ಕುದುರೆ ಇಲ್ಲ, ಸುಮ್ಮನೆ ನೋಡುವ ಚಪಲ. ಯಾರೋ ಒಂದು ಕಂದು ಕುದುರೆ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದ್ದರು. ‘ವಯಸ್ಸಾದವರೂ ಹತ್ತಬಹುದಾದ ಸಾಧು ಕುದುರೆ’ ಎಂದು ಬರೆದು, ಕೆಳಗೆ ಒಂದು ಫೋಟೊ. ಕುದುರೆಯ ಮೇಲೆ ಒಬ್ಬರು ಮುದುಕರು: ಬಿಳಿ ಗಡ್ಡ, ನೆಟ್ಟಗಿನ ಬೆನ್ನು, ಹಿಂದೆ ಕೋಟೆಯ ಬಂಡೆಗಳು...

ಒಲೆಯ ಮುಂದೆ ನಿಂತಲ್ಲೇ ನಿಂತುಬಿಟ್ಟೆ. ಆ ಫೋಟೊ ತೆಗೆದವಳು ನಾನೇ.

ನನ್ನ ತವರು ದುರ್ಗದಲ್ಲಿ ಅವರನ್ನು ಎಲ್ಲರೂ ಕುದುರೆ ಸಾಬ್ರು ಎನ್ನುತ್ತಿದ್ದರು, ನಾನು ಅಜ್ಜ ಎನ್ನುತ್ತಿದ್ದೆ. ಪಾಳೇಗಾರರ ಕಾಲದಿಂದಲೂ ಅವರ ಮನೆಯವರು ಕುದುರೆಯ ಕೆಲಸದವರೇ. ಜಟಕಾಗಳ ಕಾಲ ಮುಗಿದ ಮೇಲೆ ಮದುವೆ ಮೆರವಣಿಗೆಗೆ ಕುದುರೆ ಕಳಿಸುವುದು, ಮರಿ ತಂದು ಪಳಗಿಸಿ ಮಾರುವುದು, ಇಷ್ಟೇ ಉಳಿದಿತ್ತು. ನಮ್ಮಪ್ಪನದು ಹಿಟ್ಟಿನ ಗಿರಣಿ. ಲಾಯಕ್ಕೆ ಬೇಕಾದ ಹುರುಳಿ ಒಡೆಯುತ್ತಿದ್ದುದು ಅಲ್ಲಿಯೇ. ಚೀಲ ಕೊಟ್ಟುಬರಲು ಹೋಗುತ್ತಿದ್ದ ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅಲ್ಲಿನ ಕಂದು ಹೆಣ್ಣುಕುದುರೆಯ ಬೆನ್ನೇರಿದ್ದೆ. ಬೆಳಿಗ್ಗೆ ಚಂದ್ರವಳ್ಳಿ ರಸ್ತೆಯಲ್ಲಿ ಹೋಗಿ ಬಂದರೆ ಆ ದಿನ ಯಾರು ಏನೆಂದರೂ ನನಗೆ ತಾಗುತ್ತಿರಲಿಲ್ಲ. ಓದಿನಲ್ಲಿ ಅಷ್ಟಕ್ಕಷ್ಟೇ, ಮನೆಕೆಲಸದಲ್ಲಿ ಅದೂ ಇಲ್ಲ. ನನಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ.

ಅಜ್ಜ ಕಲಿಸುತ್ತಿದ್ದ ರೀತಿಯೇ ಬೇರೆ. ಮೊದಲ ದಿನ ನನ್ನನ್ನು ಹತ್ತಿಸಲೇ ಇಲ್ಲ. ಕುದುರೆಯ ಮುಂದೆ ನಿಲ್ಲಿಸಿ, ‘ಕೈ ಮುಂದೆ ಮಾಡು, ಅದು ಮೂಸ್ಲಿ. ಅದಕ್ಕೂ ನೀನ್ಯಾರಂತ ಗೊತ್ತಾಗ್ಬೇಕಲ್ಲ’ ಎಂದಿದ್ದರು. ಕುದುರೆ ಮೂಸಿ, ಮುಖ ತಿರುಗಿಸಿತು. ‘ಇವತ್ತು ಒಪ್ಪಿಲ್ಲ, ನಾಳೆ ಬಾ’ ಎಂದು ಕಳಿಸಿಬಿಟ್ಟರು. ಎಷ್ಟು ಸಿಟ್ಟು ಬಂದಿತ್ತೆಂದರೆ ದಾರಿಯುದ್ದಕ್ಕೂ ಕಲ್ಲು ಒದೆಯುತ್ತಾ ಮನೆಗೆ ಬಂದೆ.

ಎಡವಟ್ಟು ಮಾಡಿದ್ದು ಅವರ ಅಳಿಯ, ಮಗಳ ಗಂಡ. ಆಗಷ್ಟೇ ಎಲ್ಲರ ಕೈಗೂ ಒಳ್ಳೆಯ ಫೋನು ಬಂದಿತ್ತು. ಕಂದು ಕುದುರೆಯನ್ನು ಮಾರುವುದೆಂದು ತೀರ್ಮಾನವಾದಾಗ ಆತ ಗೋಡೆಯ ಮರೆಯಿಂದ ನನ್ನ ಸವಾರಿಯ ಫೋಟೊ ತೆಗೆದು, ‘ಹೆಣ್ಣುಮಗಳು ಹತ್ತಿದರೂ ಅಲುಗದ ಕುದುರೆ’ ಎಂದು ಬರೆದು, ಸಿಕ್ಕ ಸಿಕ್ಕ ಗುಂಪಿಗೆಲ್ಲ ಹಾಕಿಬಿಟ್ಟ. ಕೆಟ್ಟ ಬುದ್ಧಿಯೇನಲ್ಲ, ಕೊಳ್ಳುವವರಿಗೆ ಧೈರ್ಯ ಬರಲಿ ಎಂದಷ್ಟೇ. ನನಗೊಂದು ಮಾತು ಹೇಳಬೇಕು ಎಂಬುದು ಅವನ ತಲೆಗೇ ಹೋಗಿರಲಿಲ್ಲ.

ಎರಡು ದಿನದಲ್ಲಿ ಫೋಟೊ ಹೊಳಲ್ಕೆರೆ ಮುಟ್ಟಿತು. ಅಲ್ಲಿದ್ದ ನಮ್ಮತ್ತೆ ಅಪ್ಪನಿಗೆ ಫೋನು ಮಾಡಿ, ‘ಏನಪ್ಪ, ಮಾರಾಟಕ್ಕಿರೋದು ಕುದುರೇನೋ ನಿನ್ನ ಮಗಳೋ?’ ಎಂದು ಕೇಳಿದಳು. ಅಳಿಯನ ನಂಬರಿಗೆ ಫೋನು ಮಾಡಿದವರಲ್ಲಿ ಕೆಲವರು ಕುದುರೆಯ ವಯಸ್ಸನ್ನು ಬಿಟ್ಟು ನನ್ನ ವಯಸ್ಸನ್ನು ಕೇಳಿದ್ದರಂತೆ. ಅಪ್ಪ ಕೂಗಾಡುವ ಮನುಷ್ಯನಲ್ಲ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ‘ಇನ್ಮೇಲೆ ಲಾಯದ ಕಡೆ ಕಾಲಿಡಬೇಡ’ ಎಂದರು. ನನ್ನ ಜೀವ ಹೋದ ಹಾಗಾಯಿತು.

ಮರುದಿನ ಅಜ್ಜ ಗಿರಣಿಗೆ ಬಂದರು. ಹಿಟ್ಟಿನ ಡಬ್ಬ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದ ಹೊತ್ತು. ನಾನು ಒಳಗೆ ಜರಡಿ ಹಿಡಿಯುತ್ತಿದ್ದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು, ‘ಗಿರಣಿ ನಿಲ್ಲಿಸ್ರಿ, ಒಂದ್ ಮಾತೈತೆ’ ಎಂದರು. ಅಪ್ಪ ಮೋಟಾರು ಆರಿಸಿದರು. ಗಿರಣಿ ತಿರುಗಿಸುವ ಪಟ್ಟೆ ನಿಂತಿತು. ಹಗಲಿಡೀ ಸದ್ದಿನಲ್ಲೇ ಇರುವ ಆ ಜಾಗ ಒಮ್ಮೆಗೇ ಎಷ್ಟು ನಿಶ್ಶಬ್ದವಾಯಿತೆಂದರೆ ಎಲ್ಲರೂ ತಿರುಗಿ ನೋಡಿದರು.

ಅವರು ಅಪ್ಪನ ಕಡೆ ನೋಡಲಿಲ್ಲ. ನೇರ ನನ್ನ ಮುಂದೆ ಬಂದು ನಿಂತರು.

‘ಮಗಾ, ನಿನ್ನ ಕೇಳ್ದಂಗೆ ನಿನ್ನ ಫೋಟೊ ಹಾಕವ್ರೆ. ಹಾಕಿದ್ದು ನನ್ನ ಅಳಿಯ. ಆದ್ರೆ ಕುದುರೆ ನಂದು, ಅದಕ್ಕೆ ತಪ್ಪೂ ನಂದೇ. ನಾಲ್ಕು ಜನದ ಮುಂದೆ ಆಗಿದ್ದು, ನಾಲ್ಕು ಜನದ ಮುಂದೇನೇ ಕೇಳ್ತೀನಿ. ಮಾಫ್ ಮಾಡು.’

ಅಪ್ಪನಿಗೆ ಮುಜುಗರ. ‘ಹೋಗ್ಲಿ ಬಿಡ್ರಿ ಸಾಬ್ರೆ, ಕುಂತ್ಕಳ್ರಿ’ ಎಂದರು.

‘ಬಿಡೋದು ನೀವಲ್ರಿ,’ ಅಂದರು ಅಜ್ಜ, ‘ಅವಳು.’

ಅಲ್ಲಿಯವರೆಗೆ ನನ್ನ ಬಗ್ಗೆ ಎಲ್ಲರೂ ಮಾತಾಡಿದ್ದರು, ಅತ್ತೆ, ಅಪ್ಪ, ಯಾವ ಊರಿನವರೋ. ನನ್ನನ್ನೇ ಕೇಳಿದವರು ಅವರೊಬ್ಬರೇ. ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ ನನಗೆ ಎಲ್ಲಿಂದ ಧೈರ್ಯ ಬಂತೋ, ‘ಅದನ್ನ ತೆಗೆಸ್ರಿ ಅಜ್ಜ. ಆದ್ರೆ ನಾನು ಕುದುರೆ ಹತ್ತೋದು ಬಿಡಲ್ಲ’ ಎಂದುಬಿಟ್ಟೆ. ಅಪ್ಪ ಮತ್ತೆ ಮೋಟಾರು ಹಾಕಿದರು.

ಅಜ್ಜ ಆ ಫೋಟೊವನ್ನು ಗುಂಪುಗಳಿಂದ ತೆಗೆಸಿದರು. ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಗುಂಪಿಗೂ, ಆ ಹುಡುಗಿಯ ಫೋಟೊ ಕೇಳದೆ ಹಾಕಿದ್ದು, ನಿಮ್ಮ ಫೋನಿನಲ್ಲಿದ್ದರೆ ಅಳಿಸಿ ಎಂದು ಸಂದೇಶ ಕಳಿಸಿದರಂತೆ. ಆದರೆ ಅದಾದ ಮೇಲೆ ಕುದುರೆಯನ್ನು ಕೇಳುವವರೇ ಇಲ್ಲವಾದರು. ‘ಖಾಲಿ ಜೀನಿನ ಫೋಟೊ ಹಾಕಿದ್ರೆ, ಸವಾರನ್ನ ಕೆಡವೋ ಕುದುರೆ ಇರ್ಬೇಕು ಅಂತಾರೆ ಮಾಮ’ ಎಂದು ಅಳಿಯ ಗೊಣಗಿದ. ಅದೂ ನಿಜವೇ. ಬೆನ್ನ ಮೇಲೆ ಮನುಷ್ಯರಿದ್ದರಷ್ಟೇ ಜನಕ್ಕೆ ನಂಬಿಕೆ.

ಇದು ಕಿವಿಗೆ ಬಿದ್ದಾಗ ನನಗೆ ತಡೆಯಲಾಗಲಿಲ್ಲ. ಅಪ್ಪನ ಮಾತು ಮೀರಿ ಒಂದು ಬೆಳಿಗ್ಗೆ ಲಾಯಕ್ಕೆ ಹೋದೆ. ‘ಅಜ್ಜ, ಈ ಸಲ ನಾನೇ ಹೇಳ್ತಾ ಇದೀನಿ, ನಂದೇ ಹಾಕ್ರಿ’ ಎಂದೆ.

ಅವರು ಕುದುರೆಯ ಜೂಲು ಬಾಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ‘ನನ್ನ ಮುಖ ನೋಡಿ ಹೂಂ ಅಂತಿದೀಯ. ಅದು ಒಪ್ಗೆ ಅಲ್ಲ ಮಗಾ, ದಾಕ್ಷಿಣ್ಯ.’

ಸ್ವಲ್ಪ ಹೊತ್ತು ಬಾಚಿ ಮತ್ತೆ ಅಂದರು, ‘ಕುದುರೆ ಮೇಲೆ ಕುಂತೋರ ಫೋಟೊ ಅಂದ್ರೆ ಜಾಮೀನು ಇದ್ದಂಗೆ. ಇದನ್ನ ನಂಬ್ರಿ ಅಂತ ಅವರು ಹೇಳ್ದಂಗೆ. ಮಾರೋನು ನಾನು, ಜಾಮೀನೂ ನಾನೇ ನಿಲ್ಬೇಕು.’

ಅಜ್ಜ ಕುದುರೆ ಹತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹಿಂದೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹತ್ತುವುದನ್ನೇ ಬಿಟ್ಟಿದ್ದರು. ನಮಾಜಿಗೆ ಕೂಡ ಮಣೆಯ ಮೇಲೆ ಕೂರುತ್ತಿದ್ದರು. ಅವತ್ತು ಲಾಯದ ಮುಂದಿನ ಕಲ್ಲುಕಟ್ಟೆಯ ಮೇಲೆ ನಿಂತು, ಅಂಗೈಯನ್ನು ಕುದುರೆಯ ಮೂಗಿಗೆ ಹಿಡಿದರು. ಅದು ಮೂಸಿತು. ಅವರು ಕಾದರು. ಜೀವಮಾನವಿಡೀ ಕುದುರೆಗಳ ಜೊತೆ ಬಾಳಿದವರು, ಅವರೇ ಸಾಕಿದ ಕುದುರೆ, ಆದರೂ ಕಾದರು. ಕೊನೆಗೆ ಅದು ಹಣೆಯನ್ನು ಅವರ ಎದೆಗೆ ಒತ್ತಿತು. ಅಳಿಯ ಹಿಡಿಯಲು ಬಂದ. ‘ದೂರ ನಿಲ್ಲಲೇ’ ಎಂದು ಗದರಿಸಿ ಕಾಲೆತ್ತಿ ಹಾಕಿದರು. ನೋವಿಗೆ ಮುಖ ಕಿವುಚಿದ್ದು ಕಂಡಿತು... ಆಮೇಲೆ ಬೆನ್ನು ನೆಟ್ಟಗಾಯಿತು.

ಅದನ್ನು ಹೇಗೆ ಹೇಳಲಿ? ಕೆಳಗೆ ಕುಂಟುತ್ತಾ ಓಡಾಡುತ್ತಿದ್ದ ಮುದುಕರು ಮೇಲೆ ಇರಲಿಲ್ಲ. ಲಗಾಮು ಹಿಡಿದ ಹಾಗೂ ಕಾಣಲಿಲ್ಲ, ಕುದುರೆ ಅವರ ಮನಸ್ಸು ತಿಳಿದಂತೆ ಹೆಜ್ಜೆ ಹಾಕಿತು, ತಿರುಗಿತು, ಬಂಡೆಯ ನೆರಳು ದಾಟಿ ಬಿಸಿಲಿಗೆ ಬಂದು ನಿಂತಿತು. ಹೂ ಕಟ್ಟುತ್ತಿದ್ದ ಹೆಂಗಸು ಎದ್ದು ನಿಂತಳು. ಹಾಲಿನವನು ಸೈಕಲ್ ಇಳಿದ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ‘ತೆಗೀ ಮಗಾ, ಸೊಂಟ ಕೇಳಲ್ಲ’ ಎಂದು ಅವರು ಕೂಗಿದ ಮೇಲೆ ನನಗೆ ಎಚ್ಚರ. ನನ್ನ ಫೋನಿನಲ್ಲೇ ಒಂದು ಫೋಟೊ ತೆಗೆದೆ.

ತಿರುಗಿ ನೋಡಿದರೆ ಬೂಸಾ ಚೀಲ ಹೇರಿಕೊಂಡು ಬಂದಿದ್ದ ಅಪ್ಪ ರಸ್ತೆಯಲ್ಲೇ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನನಗೆ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಹುರುಳಿ ಚೀಲ ನನ್ನ ಮುಂದಿಟ್ಟು, ‘ಸಾಬ್ರಿಗೆ ಕೊಟ್ಟು ಬಾ. ಬರೋದು ತಡ ಆದ್ರೂ ಪರವಾಗಿಲ್ಲ’ ಎಂದರು. ಅಷ್ಟೇ. ನಾನು ಚೀಲ ಎತ್ತಿಕೊಂಡು ಓಡಿದೆ.

ಅಳಿಯ ಗುಂಪುಗಳಿಗೆ ಹಾಕಿದ ಆ ಫೋಟೊ ನೋಡಿಕೊಂಡೇ ಮತ್ತೋಡಿನಿಂದ ಕುರಿ ಸಾಕುವವರೊಬ್ಬರು ಬಂದರು. ಹಿಂಡಿನ ಜೊತೆ ಹೋಗಲು ಅವರಿಗೆ ಕುದುರೆ ಬೇಕಿತ್ತು. ‘ಮೊದ್ಲು ಒಂದ್ ಹುಡುಗಿ ಫೋಟೊ ಇತ್ತಲ್ರಿ?’ ಎಂದರು. ‘ಆ ಹುಡುಗಿ ಕುದುರೆ ಜೊತೆ ಬರಲ್ಲ’ ಎಂದರು ಅಜ್ಜ. ಬಂದವರು ಪೆಚ್ಚಾಗಿ ನಕ್ಕರು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಾರಿದ ಕುದುರೆಯ ಬಾಯಿಂದ ಲಗಾಮನ್ನು ಬಿಚ್ಚಬೇಕಾದವರು ಅದರ ಮೇಲೆ ಸವಾರಿ ಮಾಡಿದವರೇ. ಅದಾದ ಮೇಲೇ ಕೊಂಡವರು ತಮ್ಮ ಹಗ್ಗ ಹಾಕಬೇಕು. ಅಜ್ಜ ನನ್ನನ್ನು ಕರೆದು, ‘ನಿಂಗೆ ಒಪ್ಗೆ ಇದ್ರೆ ಬಿಚ್ಚು’ ಎಂದರು. ಈ ಸಲ ದಾಕ್ಷಿಣ್ಯವಿರಲಿಲ್ಲ. ಅಳುತ್ತಲೇ ಬಿಚ್ಚಿದೆ.

ಕುದುರೆ ಹೋದ ಮೇಲೆ ಅವರು ಹೇಳಿದ್ದು ಒಂದೇ ಮಾತು. ‘ಆ ಫೋಟೊ ಅಳಿಸಿಬಿಡು. ಜಾಮೀನು ಮುಗೀತು. ಇಲ್ಲಾಂದ್ರೆ ನಾಳೆ ನಾ ಕಾಣದ ಕುದುರೆಗೆಲ್ಲ ನನ್ನ ನಿಲ್ಲಿಸ್ತಾರೆ.’ ಇಷ್ಟವಿಲ್ಲದಿದ್ದರೂ ಅವರ ಎದುರಿಗೇ ಅಳಿಸಿದೆ. ಬೇರೆ ಯಾವ ಕುದುರೆಯ ಮೇಲೂ ಅವರು ಮತ್ತೆ ಕೂರಲಿಲ್ಲ. ನನ್ನ ಮದುವೆಯ ಹೊತ್ತಿಗೆ ಅವರು ಇರಲಿಲ್ಲ...

ಭಾನುವಾರ ಒಲೆಯ ಮುಂದೆ ನಿಂತೇ ಜಾಹೀರಾತು ಹಾಕಿದವರಿಗೆ ಬರೆದೆ: ‘ಕುದುರೆ ಮೇಲಿರುವವರನ್ನು ಕೇಳಿದಿರಾ?’

ಆತ ಫೋನೇ ಮಾಡಿದ. ಚಿಕ್ಕ ವಯಸ್ಸಿನ ದನಿ. ‘ಯಾವ್ದೋ ಗ್ರೂಪಲ್ಲಿ ಬಂದಿತ್ತು ಮೇಡಂ, ಚೆನ್ನಾಗೈತೆ ಅಂತ ಹಾಕ್ದೆ. ಅವರು ನಿಮ್ಗೇನಾಗ್ಬೇಕು?’

‘ಅವರು ತೀರಿಕೊಂಡಿದ್ದಾರೆ’ ಎಂದೆ.

‘ಹಂಗಾರೆ ಯಾರನ್ನ ಕೇಳ್ಲಿ ಮೇಡಂ?’

‘ಕೇಳೋಕೆ ಯಾರೂ ಇಲ್ಲ ಅಂದ್ರೆ ಹಾಕಬಾರದು ಅಂತಪ್ಪ.’

ಒಳ್ಳೆಯ ಹುಡುಗ. ‘ಆಯ್ತು ಬಿಡ್ರಿ, ತೆಗೀತೀನಿ’ ಎಂದು ತೆಗೆದೂಬಿಟ್ಟ. ಆದರೆ ನನ್ನ ಫೋನಿಗೆ ಆಗಲೇ ಇಳಿದಿದ್ದ ಒಂದು ಪ್ರತಿ ಹಾಗೇ ಉಳಿದಿತ್ತು. ಅಜ್ಜನದೆಂದು ನನ್ನ ಬಳಿ ಬೇರೆ ಒಂದು ಚಿತ್ರವೂ ಇಲ್ಲ. ದೊಡ್ಡದು ಮಾಡಿ ಗಡ್ಡ ನೋಡಿದೆ, ಲಗಾಮು ಹಿಡಿದ ಬೆರಳು ನೋಡಿದೆ, ಕೆಳಗಿದ್ದ ನನ್ನನ್ನು ನೋಡುತ್ತಿರುವ ಆ ಕಣ್ಣು ನೋಡಿದೆ. ಇಟ್ಟುಕೊಳ್ಳಲಾ ಎಂದು ಕೇಳಬೇಕಾದವರು ಅವರೊಬ್ಬರೇ, ಅವರ ಉತ್ತರ ನನಗೆ ಮೊದಲೇ ಗೊತ್ತಿತ್ತು.

ಹುರುಳಿ ಬೆಂದಿತ್ತು. ಒಲೆ ಆರಿಸಿ, ಎರಡನೆಯ ಸಲ ಅಳಿಸಿದೆ.